ಬಿಲ್ಡ್ ಸಲಕರಣೆಗೆ ಭಾಷೆ ಆರಿಸುವ ವಿಧಾನ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನೀವು ಒಂದು ಬಿಲ್ಡ್ ಕಾನ್ಫಿಗರೇಶನ್ ಟೂಲ್ ಬರೆಯಲು ಹೊರಟಿದ್ದೀರಿ. ಅಂದರೆ ಅಸಲಿ ಸಾಫ್ಟ್‌ವೇರ್ ಕಂಪೈಲ್ ಆಗುವ ಮೊದಲು ಓಡುವ ಸಾಫ್ಟ್‌ವೇರ್. ಯಾವ ಡ್ರೈವರ್ ಬೇಕು, ಯಾವುದು ಬೇಡ, ಈ ಯಂತ್ರದಲ್ಲಿ ಯಾವ ಲೈಬ್ರರಿ ಇದೆ, ಯಾವುದು ಇಲ್ಲ ಎಂದೆಲ್ಲ ವಿಚಾರಿಸಿ, ಉತ್ತರಗಳನ್ನು ಕಡತದಲ್ಲಿ ಬರೆದಿಟ್ಟು, ಕಂಪೈಲರ್‌ಗೆ ದಾರಿ ಬಿಡುವುದು ಅದರ ಕೆಲಸ. ಇಂಥ ಟೂಲ್‌ಗಳು ಈಗಾಗಲೇ ಬೇಕಾದಷ್ಟಿವೆ. ಆ ಸಂಗತಿ ನಿಮಗಿಂತ ಹಿಂದಿನ ಯಾರನ್ನೂ ತಡೆದಿಲ್ಲ. ಆದ್ದರಿಂದ ಕೆಲಸ ಶುರು ಮಾಡೋಣ.

ಪೊಟ್ಟಣದಲ್ಲಿ ಇರಬೇಕಾದದ್ದು: ನಿಮಗೆ ತುಂಬಾ ಇಷ್ಟವಾದ ಒಂದು ಭಾಷೆ, ನೀವು ಮನಸಾರೆ ದ್ವೇಷಿಸುವ ಒಂದು ಹಳೆಯ ಟೂಲ್, ಬಿಡುವಾದ ಒಂದು ವಾರಾಂತ್ಯ. ವಾರಾಂತ್ಯ ಸಿಗದಿದ್ದರೂ ನಡೆಯುತ್ತದೆ. ಮೊದಲ ಎರಡರಲ್ಲಿ ಯಾವುದಾದರೂ ಕಾಣೆಯಾಗಿದ್ದರೆ ಪೊಟ್ಟಣವನ್ನು ಅಂಗಡಿಗೆ ಹಿಂದಿರುಗಿಸಿ. ಆ ಸಿಟ್ಟಿಲ್ಲದೆ ಈ ಯಂತ್ರ ಚಾಲೂ ಆಗುವುದಿಲ್ಲ.

ಸುರಕ್ಷತಾ ಸೂಚನೆ. ಭಾಷೆ ಆರಿಸುವಾಗ ಅದರ ಸೊಬಗು, ವೇಗ, ಲೈಬ್ರರಿಗಳ ಬಗ್ಗೆ ವಾದ ಮಾಡಲು ನಿಮಗೆ ಆಸೆಯಾಗುತ್ತದೆ. ಮಾಡಿ, ಆರೋಗ್ಯಕ್ಕೆ ಒಳ್ಳೆಯದು. ಆದರೆ ಬೇರೆ ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಈ ಭಾಷೆ ಯಾರ ಯಂತ್ರದಲ್ಲಿ ಇರಲೇಬೇಕಾಗುತ್ತದೆ? ಬರೆದದ್ದನ್ನು ಆಮೇಲೆ ಯಾರು ಓದುತ್ತಾರೆ? ಈ ಕ್ಷೇತ್ರದಲ್ಲಿ ಇದುವರೆಗೆ ನಡೆದ ದೊಡ್ಡ ಜಗಳಗಳೆಲ್ಲ ಈ ಎರಡರ ಮೇಲೇ ನಡೆದಿವೆ, ಹೊರಗಿನಿಂದ ನೋಡಿದವರಿಗೆ ಅವು ಭಾಷೆಯ ಜಗಳದಂತೆ ಕಂಡರೂ ಕೂಡ.

ಹಂತ 1: ಹೊಸ ಭಾಷೆ ಹುಟ್ಟಿಸುವುದಿಲ್ಲ ಎಂದು ಪ್ರಮಾಣ ಮಾಡಿ

ತಂಡದ ಎಲ್ಲರೆದುರು ಗಟ್ಟಿಯಾಗಿ ಹೇಳಿ: "ಇದು ಭಾಷೆಯಲ್ಲ, ಒಂದು ಸಣ್ಣ ಕಾನ್ಫಿಗ್ ಕಡತ ಅಷ್ಟೇ." ಹೇಳಿದ ದಿನಾಂಕವನ್ನು ಎಲ್ಲಾದರೂ ಗುರುತು ಹಾಕಿಡಿ. ನಿಮ್ಮ ಭಾಷೆಯ ಹುಟ್ಟುಹಬ್ಬ ಆಚರಿಸಲು ಮುಂದೆ ಬೇಕಾಗುತ್ತದೆ.

ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಬರೆದಾಗ ಉದ್ದೇಶ ಇದ್ದದ್ದು ಇಷ್ಟೇ: ಯಾವ ಕಡತ ಬದಲಾಗಿದೆಯೋ ಅದಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡಬೇಕು. ಲೆಕ್ಸ್ ಎಂಬ ಟೂಲ್‌ನೊಂದಿಗೆ ಗುದ್ದಾಡಿ ಸಾಕಾಗಿದ್ದ ಅವರು, ಆಜ್ಞೆಯ ಸಾಲು ಟ್ಯಾಬ್‌ನಿಂದ ಶುರುವಾಗಲಿ ಎಂದು ಸುಲಭದ ದಾರಿ ಹಿಡಿದರು. ಕೆಲವೇ ವಾರಗಳಲ್ಲಿ ಹನ್ನೆರಡು ಮಂದಿಯಷ್ಟು, ಹೆಚ್ಚಿನವರು ಗೆಳೆಯರೇ, ಮೇಕ್ ಬಳಸತೊಡಗಿದ್ದರು. ಅವರ ಕಡತಗಳು ಕೆಡಬಾರದೆಂದು ಫೆಲ್ಡ್‌ಮನ್ ಟ್ಯಾಬ್ ಅನ್ನು ಹಾಗೇ ಬಿಟ್ಟರು. ಆ ಹನ್ನೆರಡು ಮಂದಿಗೆ ತೊಂದರೆ ಆಗದಿರಲಿ ಎಂದು ಅರ್ಧ ಶತಮಾನದಿಂದ ಉಳಿದ ಜಗತ್ತು ತೊಂದರೆ ಪಡುತ್ತಿದೆ. ಟ್ಯಾಬ್ ಇರಬೇಕಾದಲ್ಲಿ ಎಂಟು ಸ್ಪೇಸ್ ಇದ್ದರೆ ಕಣ್ಣಿಗೆ ಎರಡೂ ಒಂದೇ. ಗ್ನೂ ಮೇಕ್ ಮಾತ್ರ "ಮಿಸಿಂಗ್ ಸೆಪರೇಟರ್, ಸ್ಟಾಪ್" ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಇಷ್ಟಾದರೂ ಮೇಕ್‌ಗಾಗಿ ಫೆಲ್ಡ್‌ಮನ್ ಅವರಿಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು, ಬರಬೇಕಾದದ್ದೇ. ಅಂದಹಾಗೆ ಈ ಟ್ಯಾಬ್ ಕತೆಯನ್ನು ಫೆಲ್ಡ್‌ಮನ್ ಅವರಿಂದಲೇ ಪಡೆದು ತಮ್ಮ ಯುನಿಕ್ಸ್ ಪುಸ್ತಕದಲ್ಲಿ ದಾಖಲಿಸಿದವರು ಎರಿಕ್ ರೇಮಂಡ್. ಹೆಸರು ನೆನಪಿರಲಿ, ಮೂರನೆಯ ಹಂತದಲ್ಲಿ ಅವರೇ ಕಥಾನಾಯಕ.

ಸಿಮೇಕ್‌ನದ್ದೂ ಅದೇ ಹಾದಿ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಹಣ ಕೊಟ್ಟ ವೈದ್ಯಕೀಯ ಚಿತ್ರಗಳ ಯೋಜನೆಯೊಂದಕ್ಕಾಗಿ ಕಿಟ್‌ವೇರ್ ಕಂಪನಿ 2000ದ ಸುಮಾರಿಗೆ ಅದನ್ನು ಕಟ್ಟಿತು. ಬಳಕೆದಾರನ ಬಳಿ ಸಿ++ ಕಂಪೈಲರ್ ಹೇಗೂ ಇರುತ್ತದೆ, ಬೇರೇನನ್ನೂ ಕೇಳಬಾರದು ಎಂಬುದು ಅದರ ನೇಮ. ನೇಮವೇನೋ ಒಳ್ಳೆಯದೇ. ಆದರೆ ಬೇರೆ ಭಾಷೆಯನ್ನು ಒಳಗೆ ಬಿಡದವರು ತಮ್ಮದೇ ಭಾಷೆಯೊಂದನ್ನು ಬೆಳೆಸಬೇಕಾಗುತ್ತದೆ. ಸಿಮೇಕ್‌ನಲ್ಲಿ ಎಲ್ಲವೂ ಸ್ಟ್ರಿಂಗ್. ಪಟ್ಟಿ ಎಂದರೆ ನಡುನಡುವೆ ಅರ್ಧವಿರಾಮ ಇರುವ ಸ್ಟ್ರಿಂಗ್. ಸುಳ್ಳು ಎನ್ನಲು ಸೊನ್ನೆ, ಆಫ್, ನೋ, ಫಾಲ್ಸ್, ಬರೀ ಎನ್, ಇಗ್ನೋರ್, ಇವೆಲ್ಲ ನಡೆಯುತ್ತವೆ. ಸಾಲದ್ದಕ್ಕೆ "ನಾಟ್‌ಫೌಂಡ್" ಎಂದು ಕೊನೆಯಾಗುವ ಯಾವ ಹೆಸರಾದರೂ ಸರಿ, ಹಿಂದೊಂದು ಅಡ್ಡಗೆರೆ ಇದ್ದರೆ ಅದೂ ಸುಳ್ಳೇ. ಈ ಭಾಷೆಯಲ್ಲಿ ರೇ ಟ್ರೇಸರ್ ಬರೆದು ಚಿತ್ರ ಬಿಡಿಸಿದ ಪುಣ್ಯಾತ್ಮರೂ ಇದ್ದಾರೆ. ಸಣ್ಣ ಕಾನ್ಫಿಗ್ ಕಡತ ಅಷ್ಟೇ.

ಹಂತ 2: ಎಲ್ಲರ ಬಳಿಯೂ ಇರುವ ಭಾಷೆಯನ್ನು ಹುಡುಕಿ

ಯುನಿಕ್ಸ್ ಲೋಕದಲ್ಲಿ ಎಲ್ಲರ ಬಳಿಯೂ ಇರುವುದು ಶೆಲ್. ಹಾಗಾಗಿ ಡೇವಿಡ್ ಮೆಕೆಂಝಿ 1991ರಲ್ಲಿ ಆಟೋಕಾನ್ಫ್ ಶುರು ಮಾಡಿದಾಗ ಸೂತ್ರ ಹೀಗಿತ್ತು: ಅಭಿವೃದ್ಧಿ ಮಾಡುವವನು ಎಂ4 ಎಂಬ ಮ್ಯಾಕ್ರೋ ಭಾಷೆಯಲ್ಲಿ ಬರೆಯಲಿ, ಅದು "ಕಾನ್ಫಿಗರ್" ಎಂಬ ಶೆಲ್ ಸ್ಕ್ರಿಪ್ಟ್ ಅನ್ನು ಹೆರಲಿ, ಬಳಕೆದಾರನಿಗೆ ಆ ಸ್ಕ್ರಿಪ್ಟ್ ಮಾತ್ರ ತಲುಪಲಿ. ಎಂ4 ಬೇಕಾದದ್ದು ಬರೆಯುವವನ ಯಂತ್ರದಲ್ಲಿ, ಬಳಸುವವನ ಯಂತ್ರದಲ್ಲಲ್ಲ. ಚೀಟಿಯ ಮೊದಲ ಪ್ರಶ್ನೆಗೆ ಇದಕ್ಕಿಂತ ಸೌಜನ್ಯದ ಉತ್ತರ ಇದುವರೆಗೆ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ.

ನೀವೂ ಹೀಗೆ ಮಾಡುವುದಾದರೆ ಒಂದು ಶಿಸ್ತು ಪಾಲಿಸಬೇಕು. ಯಾವ ಕಾಲದ, ಯಾವ ಕಂಪನಿಯ ಶೆಲ್ ಎದುರಾದರೂ ಸ್ಕ್ರಿಪ್ಟ್ ಓಡಬೇಕು. ಆಟೋಕಾನ್ಫ್ ಬಹುಕಾಲ ಶೆಲ್‌ನಲ್ಲಿ ಫಂಕ್ಷನ್ ಕೂಡ ಬಳಸುತ್ತಿರಲಿಲ್ಲ. ಎರಡು ಬೆಲೆಗಳನ್ನು ಹೋಲಿಸುವಾಗ ಎರಡರ ಮುಂದೆಯೂ ಒಂದು ಎಕ್ಸ್ ಅಕ್ಷರ ಅಂಟಿಸುವ ಪದ್ಧತಿಯನ್ನು ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಎಲ್ಲೆಲ್ಲೂ ನೋಡಬಹುದು. ಬೆಲೆ ಖಾಲಿಯಿದ್ದರೆ ಅಥವಾ ಅಡ್ಡಗೆರೆಯಿಂದ ಶುರುವಾದರೆ ಯಾವುದೋ ಹಳೆಯ ಶೆಲ್ ಎಡವಿ ಬೀಳುತ್ತಿತ್ತು, ಅದಕ್ಕೆ. ಆ ಶೆಲ್ ಇದ್ದ ಯಂತ್ರಗಳು ಗುಜರಿಗೆ ಹೋಗಿ ಕಾಲವಾಯಿತು. ಎಕ್ಸ್ ಉಳಿದಿದೆ.

ಇನ್ನು ಎರಡನೆಯ ಪ್ರಶ್ನೆ, ಯಾರು ಓದುತ್ತಾರೆ? ಯಾರೂ ಇಲ್ಲ. ಹುಟ್ಟಿದ ಸ್ಕ್ರಿಪ್ಟ್ ಹತ್ತಾರು ಸಾವಿರ ಸಾಲು, ಹುಟ್ಟಿಸಿದ ಎಂ4 ಅದಕ್ಕಿಂತ ಗಹನ. ಯಾರೂ ಓದದ ಜಾಗ ಯಾರಿಗೆ ಅನುಕೂಲ ಎಂಬುದು 2024ರ ಮಾರ್ಚ್ 29ರಂದು ಎಲ್ಲರಿಗೂ ತಿಳಿಯಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್, ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದನ್ನು ಅಂದು ಬಯಲು ಮಾಡಿದರು. ಅದಕ್ಕೆ ಚಾಲನೆ ಕೊಡುತ್ತಿದ್ದದ್ದು ಒಂದು ಎಂ4 ಕಡತ. ಎಲ್ಲರಿಗೂ ಕಾಣುವ ಗಿಟ್ ಸಂಗ್ರಹದಲ್ಲಿ ಆ ಸಾಲುಗಳು ಇರಲೇ ಇಲ್ಲ. ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದವು. ಟಾರ್‌ಬಾಲ್‌ನಲ್ಲಿ ಹುಟ್ಟಿಸಿದ ಕಡತಗಳು ಹೆಚ್ಚಿಗೆ ಇರುವುದು ಆಟೋಕಾನ್ಫ್ ಲೋಕದಲ್ಲಿ ಮಾಮೂಲು, ಹಾಗಾಗಿ ಯಾರೂ ಹುಬ್ಬೇರಿಸಲಿಲ್ಲ. ಬಳಕೆದಾರನಿಗೆ ತೊಂದರೆ ಕೊಡಬಾರದು ಎಂಬ ಆ ಸೌಜನ್ಯದ ಸಂದಿಯಲ್ಲೇ ಕಳ್ಳ ನುಗ್ಗಿದ್ದ.

ಎಂ4 ಬಿಟ್ಟು ಸಿಮೇಕ್ ಹಿಡಿದಿದ್ದರೆ ಬಚಾವ್ ಅಂದುಕೊಳ್ಳಬೇಡಿ. ಅದೇ ಎಕ್ಸ್‌ಝಡ್‌ನ ಸಿಮೇಕ್ ಕಡತದಲ್ಲಿ, ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯ ಈ ಯಂತ್ರದಲ್ಲಿದೆಯೇ ಎಂದು ಪರೀಕ್ಷಿಸುವ ಪುಟ್ಟ ಸಿ ತುಣುಕೊಂದಿತ್ತು. ಅದರ ನಡುವೆ ಒಂದು ಸಾಲಿನಲ್ಲಿ ಒಂಟಿಯಾಗಿ ಒಂದು ಚುಕ್ಕೆ ಕೂತಿತ್ತು. ಪರದೆಯ ಮೇಲೆ ಬಿದ್ದ ಧೂಳು ಎಂದುಕೊಂಡು ಒರೆಸಿ ಮುಂದೆ ಹೋಗುವಂಥದ್ದು. ಚುಕ್ಕೆಯಿಂದಾಗಿ ತುಣುಕು ಎಂದೂ ಕಂಪೈಲ್ ಆಗುತ್ತಿರಲಿಲ್ಲ. ಕಂಪೈಲ್ ಆಗದಿದ್ದರೆ ಸೌಲಭ್ಯ ಇಲ್ಲ ಎಂದೇ ಈ ಟೂಲ್‌ಗಳ ತೀರ್ಮಾನ. ಆದ್ದರಿಂದ ರಕ್ಷಣೆ ಸದ್ದಿಲ್ಲದೆ ಆರಿಹೋಗುತ್ತಿತ್ತು. ಪರೀಕ್ಷೆಯಲ್ಲಿ ನಪಾಸಾಗುವುದಕ್ಕೂ ಪ್ರಶ್ನೆಪತ್ರಿಕೆಯೇ ಹರಿದಿರುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಟೂಲ್‌ಗೆ ಯಾವ ಭಾಷೆ ಕೊಟ್ಟರೇನು.

ಹಂತ 3: ಒಳ್ಳೆಯ ಭಾಷೆಯನ್ನೇ ಆರಿಸಿ, ಮುಂದಾಗುವುದನ್ನು ನೋಡಿ

ಈ ಹಂತದ ಪ್ರಾತ್ಯಕ್ಷಿಕೆ ಲಿನಕ್ಸ್ ಕರ್ನಲ್‌ನದ್ದು. ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ತೊಂಬತ್ತರ ದಶಕದಲ್ಲಿ ಕರ್ನಲ್‌ಗೆ ಇದ್ದ ಕಾನ್ಫಿಗರೇಶನ್ ಭಾಷೆಗೆ ಆಮೇಲೆ ಸಿಎಂಎಲ್1 ಎಂದು ಹೆಸರಾಯಿತು. ಭಾಷೆ ಒಂದು, ಓದುವವರು ಮೂವರು. "ಮೇಕ್ ಕಾನ್ಫಿಗ್" ಅಂದರೆ ಒಂದು ಬ್ಯಾಶ್ ಸ್ಕ್ರಿಪ್ಟ್ ಎದುರು ಕೂತು ಒಂದೊಂದೇ ಪ್ರಶ್ನೆ ಕೇಳುತ್ತಿತ್ತು. ನಡುವೆ ಒಂದು ಉತ್ತರ ತಪ್ಪಿದರೆ ಹಿಂದೆ ಹೋಗುವ ದಾರಿ ಇಲ್ಲ, ಮೊದಲಿನಿಂದ ಶುರು. "ಮೆನುಕಾನ್ಫಿಗ್" ಅಂದರೆ ಇನ್ನೊಂದು ಬ್ಯಾಶ್ ಸ್ಕ್ರಿಪ್ಟ್, ನೀಲಿ ಪರದೆಯ ಮೆನುವಿನೊಂದಿಗೆ. "ಎಕ್ಸ್‌ಕಾನ್ಫಿಗ್" ಅಂದರೆ ಸಿಯಲ್ಲಿ ಬರೆದ ಪ್ರೋಗ್ರಾಂ ಒಂದು ಕಡತಗಳನ್ನೆಲ್ಲ ಟಿಕಲ್ ಭಾಷೆಗೆ ತರ್ಜುಮೆ ಮಾಡಿ ಕಿಟಕಿ ತೆರೆಯುತ್ತಿತ್ತು. ಒಂದೇ ಕಡತವನ್ನು ಮೂವರೂ ಅಷ್ಟಿಷ್ಟು ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು.

2000ದಲ್ಲಿ ಎರಿಕ್ ರೇಮಂಡ್ ಇದಕ್ಕೆ ಬದಲಿಯಾಗಿ ಸಿಎಂಎಲ್2 ತಂದರು. ಒಂದಕ್ಕೊಂದು ಹೊಂದದ ಆಯ್ಕೆಗಳನ್ನು ಮಾಡಲು ಬಳಕೆದಾರನಿಗೆ ಅವಕಾಶವೇ ಇರಬಾರದು, ಒಂದು ಉತ್ತರ ಕೊಟ್ಟರೆ ಅದರಿಂದ ಹೊರಡುವ ಉಳಿದ ಉತ್ತರಗಳನ್ನು ಟೂಲೇ ತರ್ಕದಿಂದ ತೆಗೆಯಬೇಕು ಎಂಬುದು ಅವರ ಕಲ್ಪನೆ. ತಾಂತ್ರಿಕವಾಗಿ ಇದು ಸಿಎಂಎಲ್1ಕ್ಕಿಂತ ಬಹಳ ಮುಂದಿತ್ತು. ಬರೆದದ್ದು ಪೈಥಾನ್‌ನಲ್ಲಿ. ಆ ಕಾಲದಲ್ಲಿ ರೇಮಂಡ್‌ಗೆ ಪೈಥಾನ್ ಎಂದರೆ ಹೊಸ ಪ್ರೀತಿ. ಅದೇ ವರ್ಷ ಲಿನಕ್ಸ್ ಜರ್ನಲ್‌ನಲ್ಲಿ ಆ ಭಾಷೆಯನ್ನು ಹೊಗಳಿ ಲೇಖನ ಬರೆದಿದ್ದರು. 2001ರ ಮಾರ್ಚ್‌ನಲ್ಲಿ ಸ್ಯಾನ್ ಹೋಸೆಯಲ್ಲಿ ನಡೆದ ಕರ್ನಲ್ ಡೆವಲಪರ್‌ಗಳ ಸಭೆಯಲ್ಲಿ, 2.5 ಸರಣಿಯ ಶುರುವಿಗೇ ಇದನ್ನು ಸೇರಿಸಿಕೊಳ್ಳೋಣ ಎಂಬ ಮಾತೂ ಆಯಿತು. ಗೆದ್ದಂತೆಯೇ.

ಈಗ ನೀವು ಮಾಡಬೇಕಾದದ್ದು: ಮೊದಲ ಆಕ್ಷೇಪಣೆಗೆ ಕಾಯುವುದು. ಬರುತ್ತದೆ. ಕರ್ನಲ್ ಕಟ್ಟಲು ಇದುವರೆಗೆ ಸಿ ಕಂಪೈಲರ್, ಮೇಕ್, ಶೆಲ್ ಸಾಕಿತ್ತು, ಈಗ ಪೈಥಾನ್ ಕೂಡ ಬೇಕೇ? ಅದೂ ಪೈಥಾನ್ 2, ಹಲವು ಲಿನಕ್ಸ್ ವಿತರಣೆಗಳು ಇನ್ನೂ 1.5.2 ಇಟ್ಟುಕೊಂಡಿದ್ದ ಹೊತ್ತಿನಲ್ಲಿ. ಸಹಾಯಕ್ಕೆಂದು ಕರೆಸಿದ ಅಡುಗೆಭಟ್ಟರು ಒಳಗೆ ಕಾಲಿಡುವ ಮುಂಚೆ "ನಿಮ್ಮ ಗ್ರೈಂಡರ್ ಹಳೇದಾಯ್ತು, ಹೊಸದು ತಂದಿಟ್ಟರೆ ಮಾತ್ರ ಒಲೆ ಹಚ್ಚುತ್ತೇನೆ" ಅಂದರೆ ಮನೆಯವರಿಗೆ ಏನನ್ನಿಸುತ್ತದೋ ಅದೇ ಅನ್ನಿಸಿತು. "ಈ ಕಾಲದಲ್ಲಿ ಪೈಥಾನ್ ಯಾರ ಬಳಿ ಇಲ್ಲ?" ಎಂದು ನೀವು ಕೇಳುತ್ತೀರಿ. ಕೇಳಿ. "ನನ್ನ ಬಳಿ" ಎನ್ನುವವನೊಬ್ಬ ಎದ್ದು ನಿಲ್ಲುತ್ತಾನೆ. ಅವನ ಬಳಿ ಇರುವುದು ಪುಟ್ಟದೊಂದು ಹಳೆಯ ಯಂತ್ರ, ಆದರೆ ಕರ್ನಲ್‌ನ ಅರ್ಧ ಡ್ರೈವರ್‌ಗಳನ್ನು ಬರೆದವನೂ ಅವನೇ ಆಗಿರುತ್ತಾನೆ. ಎಕ್ಸ್‌ಕಾನ್ಫಿಗ್‌ಗೆ ಟಿಕಲ್ ಬೇಕಿತ್ತಲ್ಲ, ದಾಖಲೆ ಸಿದ್ಧ ಮಾಡಲು ಪರ್ಲ್ ಬೇಕಿತ್ತಲ್ಲ ಎಂದು ನೆನಪಿಸಿ ಪ್ರಯೋಜನವಿಲ್ಲ. ಅವಿಲ್ಲದೆಯೂ ಕರ್ನಲ್ ಕಟ್ಟಬಹುದಿತ್ತು.

ನನ್ನನ್ನು ಕೇಳಿದರೆ ಪೈಥಾನ್ ಅರ್ಧ ಕಾರಣ, ಅರ್ಧ ನೆಪ. ರೇಮಂಡ್ ಹಳೆಯದನ್ನು ಪೂರ್ತಿ ಕಿತ್ತು ಹೊಸದನ್ನು ಒಂದೇ ಏಟಿಗೆ ಕೂರಿಸಹೊರಟಿದ್ದರು. ಭಾಷೆ ಹೊಸದು, ಕಡತಗಳು ಹೊಸವು, ಪರದೆಯ ನಡವಳಿಕೆಯೂ ಹೊಸದು. ಡ್ರೈವರ್‌ಗೆ ಸಂಬಂಧಿಸಿದ ಆಯ್ಕೆಗಳೂ ವಿವರಣೆಯೂ ಆ ಡ್ರೈವರ್ ಪಕ್ಕದಲ್ಲೇ ಇರಲಿ ಎಂಬುದು ಲೈನಸ್ ಟೋರ್ವಾಲ್ಡ್ಸ್ ಬಯಕೆ. ಆಗ ಎಲ್ಲ ವಿವರಣೆಗಳೂ "ಕಾನ್ಫಿಗರ್ ಡಾಟ್ ಹೆಲ್ಪ್" ಎಂಬ ಒಂದೇ ದೈತ್ಯ ಕಡತದಲ್ಲಿದ್ದವು, ಅದರ ಉಸ್ತುವಾರಿಯೂ ರೇಮಂಡ್ ಅವರದ್ದೇ. ಅದರಲ್ಲಿ ಕೆಬಿ ಬರೆಯಬೇಕೋ ಕೆಐಬಿ ಬರೆಯಬೇಕೋ ಎಂಬ ಬಗ್ಗೆ 2001ರ ಕೊನೆಯಲ್ಲಿ ನಡೆದ ಯುದ್ಧ ಬೇರೆ. ಅದರ ಬೆನ್ನಿಗೇ "ಟಿಲ್ಲಿ ಅತ್ತೆ" ಬಂದಳು. ಕಂಪ್ಯೂಟರ್ ಗೊತ್ತಿಲ್ಲದ ಟಿಲ್ಲಿ ಅತ್ತೆಗೂ ಕರ್ನಲ್ ಕಂಪೈಲ್ ಮಾಡಲು ಬರಬೇಕು ಎಂದರು ರೇಮಂಡ್. ಟಿಲ್ಲಿ ಅತ್ತೆ ಕರ್ನಲ್ ಕಂಪೈಲ್ ಮಾಡುವುದಾದರೂ ಯಾತಕ್ಕೆ ಎಂದರು ಉಳಿದವರು. ಈ ಪ್ರಶ್ನೆಗೆ ಉತ್ತರ ಇಂದಿಗೂ ಬಾಕಿ. ಈ ಗದ್ದಲದ ನಡುವೆ ರೇಮಂಡ್ ಕರ್ನಲ್ ಆಯ್ಕೆಗಳನ್ನು ಹಳೆಯ ಕಾಲದ ಪಠ್ಯಸಾಹಸದ ಆಟದ ರೂಪಕ್ಕೂ ತಂದರು: ಕೋಣೆಯಿಂದ ಕೋಣೆಗೆ ಅಲೆಯುತ್ತಾ ಡ್ರೈವರ್‌ಗಳನ್ನು ಆಯ್ದು ಜೋಳಿಗೆಗೆ ಹಾಕಿಕೊಳ್ಳುವುದು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಸೌಲಭ್ಯ ಇದೇ. ಆದರೆ ಇಂಥದ್ದನ್ನು ಒಳಗೆ ಪ್ರವೇಶ ಸಿಕ್ಕ ಮೇಲೆ ತೋರಿಸಬೇಕು, ಬಾಗಿಲಲ್ಲಿ ನಿಂತಿರುವಾಗಲ್ಲ. 2002ರಲ್ಲಿ ಸಿಎಂಎಲ್2 ತೆರೆಮರೆಗೆ ಸರಿಯಿತು.

ಅದೇ ವರ್ಷ ರೋಮನ್ ಝಿಪ್ಪೆಲ್ ತಮ್ಮದೇ ಕಾನ್ಫಿಗರೇಶನ್ ಟೂಲ್ ತಂದರು, ಸಿ ಭಾಷೆಯಲ್ಲಿ. ಅಕ್ಟೋಬರ್ ಕೊನೆಯಲ್ಲಿ 2.5.45ರ ಜೊತೆ ಒಳಗೆ ಬಂತು. ಇದೇ ಇವತ್ತಿನ ಕೆಕಾನ್ಫಿಗ್. ಅವರು ಮಾಡಿದ್ದನ್ನು ಗಮನಿಸಿ, ಕೈಪಿಡಿಯ ಈ ಭಾಗಕ್ಕೆ ಕೆಂಪು ಗೆರೆ ಎಳೆಯಬಹುದು. ಕರ್ನಲ್ ಕಟ್ಟುವವನ ಬಳಿ ಸಿ ಕಂಪೈಲರ್ ಇದ್ದೇ ಇರುತ್ತದೆ, ಬೇರೇನೂ ಕೇಳಲಿಲ್ಲ. ವ್ಯಾಕರಣ ಬರೆಯಲು ಲೆಕ್ಸ್ ಮತ್ತು ಯಾಕ್ ಬಳಸಿದ್ದರು, ಆದರೆ ಅವುಗಳಿಂದ ಹುಟ್ಟಿದ ಸಿ ಕಡತಗಳನ್ನೂ ಜೊತೆಗೇ ಇಟ್ಟು ಕೊಟ್ಟರು, ಬಳಕೆದಾರ ಆ ಟೂಲ್‌ಗಳನ್ನು ಹುಡುಕಿಕೊಂಡು ಹೋಗದಿರಲಿ ಎಂದು. ಹಳೆಯ ಕಡತಗಳನ್ನು ಹೊಸ ರೂಪಕ್ಕೆ ತಿರುಗಿಸುವ ಪ್ರೋಗ್ರಾಂ ಬರೆದರು. ಮೆನುಕಾನ್ಫಿಗ್ ಮೆನುಕಾನ್ಫಿಗ್ ಆಗಿಯೇ ಉಳಿಯಿತು. ಟಿಲ್ಲಿ ಅತ್ತೆಯ ಪ್ರಸ್ತಾಪ ಇರಲಿಲ್ಲ. ಜಗಳ ಆಗಲಿಲ್ಲ ಅಂತಲ್ಲ; ಹೊಸ ಎಕ್ಸ್‌ಕಾನ್ಫಿಗ್‌ಗೆ ಕಿಟಕಿ ತೆರೆಯಲು ಕ್ಯೂಟಿ ಲೈಬ್ರರಿ ಬೇಕೆಂದು ಕೂಗಾಡಿದವರಿದ್ದರು, ಆಮೇಲೆ ಅವರಿಗಾಗಿ ಜಿಟಿಕೆಯದ್ದೂ ಒಂದು ಬಂತು. ಆದರೆ ಕ್ಯೂಟಿ ಇಲ್ಲದೆಯೂ ಕರ್ನಲ್ ಕಟ್ಟಬಹುದಿತ್ತು.

ಕೆಕಾನ್ಫಿಗ್ ರೇಮಂಡ್ ಕಂಡ ಕನಸಿನಷ್ಟು ಜಾಣ ಅಲ್ಲ. ಅದರಲ್ಲಿ "ಸೆಲೆಕ್ಟ್" ಎಂಬ ಪದವೊಂದಿದೆ, ಒಂದು ಆಯ್ಕೆ ಇನ್ನೊಂದನ್ನು ಬಲವಂತವಾಗಿ ಎಬ್ಬಿಸುತ್ತದೆ. ಎಬ್ಬಿಸಿಕೊಂಡದ್ದಕ್ಕೆ ತನ್ನದೇ ಷರತ್ತುಗಳಿದ್ದರೆ ಅವನ್ನು ನೋಡುವುದೇ ಇಲ್ಲ. ಎಚ್ಚರದಿಂದ ಬಳಸಿ ಎಂದು ಕರ್ನಲ್‌ನ ದಾಖಲೆಯೇ ಹೇಳುತ್ತದೆ. ಸರಿಯಾದ ತರ್ಕಯಂತ್ರವೊಂದನ್ನು ಕೂರಿಸುವ ವಿಚಾರ ಅದೇ ದಾಖಲೆಯಲ್ಲಿ ಮುಂದಿನ ಕೆಲಸಗಳ ಪಟ್ಟಿಯಲ್ಲಿದೆ. ಆಯ್ಕೆಗಳ ಸಂಖ್ಯೆ ಈಗ ಹತ್ತು ಸಾವಿರ ಮೀರಿದೆ. ಕನಸು ಕಾದಿದೆ, ಅವಸರವಿಲ್ಲ.

ಹಂತ 4: ಬೇಸತ್ತು "ಬರೀ ಡೇಟಾ ಸಾಕು" ಎನ್ನಿ

ಕೋಡ್ ಬೇಡ, ಪ್ರೋಗ್ರಾಮಿಂಗ್ ಭಾಷೆಯೇ ಬೇಡ, ಕಾನ್ಫಿಗರೇಶನ್ ಎಂದರೆ ಮಾಹಿತಿ ಮಾತ್ರ. ಬಹಳ ಪ್ರೌಢ ನಿಲುವು, ಎರಡು ವರ್ಷ ಬಾಳುತ್ತದೆ. 2000ದಲ್ಲಿ ಬಂದ ಆ್ಯಂಟ್ ಎಂಬ ಬಿಲ್ಡ್ ಟೂಲ್ ಎಕ್ಸ್‌ಎಂಎಲ್ ಹಿಡಿಯಿತು. ಜನ ಅದರೊಳಗೆ ಇಫ್ ಕೇಳಿದರು, ಆಮೇಲೆ ಫಾರ್ ಕೇಳಿದರು. ಮೂಲದಲ್ಲಿ ಕೊಡದಿದ್ದಾಗ ಆ್ಯಂಟ್-ಕಾಂಟ್ರಿಬ್ ಎಂಬ ಪಕ್ಕದ ಅಂಗಡಿ ಅವನ್ನು ಕೊಟ್ಟಿತು. ಕೋನಾವರಣಗಳ ನಡುವೆ ಬರೆದ ಲೂಪ್ ಹೇಗಿರುತ್ತದೆಂದು ನೋಡದವರು ಪುಣ್ಯವಂತರು. ನಿಜವಾದ ಸ್ಕ್ರಿಪ್ಟಿಂಗ್ ಭಾಷೆಯನ್ನೇ ಬಳಸಬೇಕಿತ್ತು ಎಂದು ಆ್ಯಂಟ್ ಸೃಷ್ಟಿಸಿದ ಜೇಮ್ಸ್ ಡಂಕನ್ ಡೇವಿಡ್‌ಸನ್ ಅವರೇ ಮುಂದೆ ಬರೆದುಕೊಂಡರು. ಆ ಸಲಹೆಯನ್ನು ಗ್ರೇಡಲ್ ಪಾಲಿಸಿತು: ಮೊದಲು ಗ್ರೂವಿ, ಈಗ ಕಾಟ್ಲಿನ್. ಪೂರ್ತಿ ಭಾಷೆ ಕೈಗೆ ಸಿಕ್ಕ ಮೇಲೆ ಬಿಲ್ಡ್ ಕಡತಕ್ಕೇ ಒಂದು ಬಿಲ್ಡ್ ಕಡತ ಬೇಕಾಗುವ ಸ್ಥಿತಿ ಬಂತು.

ಜೇಸನ್ ಆರಿಸಿದರೆ ಟಿಪ್ಪಣಿ ಬರೆಯುವಂತಿಲ್ಲ. ಜನ ಟಿಪ್ಪಣಿಯೊಳಗೆ ಯಂತ್ರಕ್ಕೆ ಸೂಚನೆಗಳನ್ನು ತುರುಕುತ್ತಿದ್ದರು, ಅದಕ್ಕೇ ತೆಗೆದೆ ಎಂದಿದ್ದಾರೆ ಡಗ್ಲಸ್ ಕ್ರಾಕ್‌ಫರ್ಡ್. ಅತಿಯಾಯಿತು ಅನ್ನಿಸಿದರೆ ಕರ್ನಲ್‌ನ ಡಾಟ್ ಕಾನ್ಫಿಗ್ ಕಡತ ತೆರೆದು ನೋಡಿ. ಒಂದು ಆಯ್ಕೆ ಹೌದಾದರೆ ಅದರ ಹೆಸರು, ಈಕ್ವಲ್ ಚಿಹ್ನೆ, ವೈ. ಮಾಡ್ಯೂಲ್ ಆದರೆ ಎಂ. ಬೇಡವಾದರೆ? ಮೊದಲು ಹ್ಯಾಶ್ ಚಿಹ್ನೆ, ಆಮೇಲೆ ಹೆಸರು, ಆಮೇಲೆ "ಈಸ್ ನಾಟ್ ಸೆಟ್". ನೋಡಲು ಮನುಷ್ಯರಿಗೆ ಬರೆದ ಟಿಪ್ಪಣಿ. ಆದರೆ ಟೂಲ್ ಅದನ್ನು ಓದುತ್ತದೆ, "ಬೇಡ" ಎಂದು ಅರ್ಥ ಮಾಡಿಕೊಳ್ಳುತ್ತದೆ. ಹ್ಯಾಶ್ ಇರುವ ಸಾಲುಗಳೆಲ್ಲ ಕಸ ಎಂದು ನೀವು ಅಳಿಸಿದರೆ, ಹಿಂದೆ ಬೇಡವೆಂದ ಪ್ರಶ್ನೆಗಳನ್ನೆಲ್ಲ ಅದು ಮತ್ತೆ ಕೇಳಲು ಕೂರುತ್ತದೆ. ಸಿಎಂಎಲ್1 ಕಾಲದಿಂದ ಬಂದ ಪದ್ಧತಿ. ಹನ್ನೆರಡು ಮಂದಿ ಗೆಳೆಯರಿಗಿಂತ ಹೆಚ್ಚು ಜನ ಆಗಲೇ ಬಳಸುತ್ತಿದ್ದರು, ಮುಟ್ಟುವುದು ಯಾರು?

ಯಾಮಲ್ ಆರಿಸಿದರೆ ಪೈಥಾನ್ ಆವೃತ್ತಿ 3.10 ಎಂದು ಬರೆದು ಪರೀಕ್ಷಿಸಿ. ಉದ್ಧರಣ ಚಿಹ್ನೆ ಇಲ್ಲದಿದ್ದರೆ ಅದು ದಶಮಾಂಶ ಸಂಖ್ಯೆ, ಕೊನೆಯ ಸೊನ್ನೆಗೆ ಬೆಲೆಯಿಲ್ಲ, ಆದ್ದರಿಂದ 3.1. ನಾರ್ವೆಯ ಎರಡಕ್ಷರದ ಸಂಕೇತ "ನೋ" ಆಗಿರುವುದರಿಂದ ಯಾಮಲ್ 1.1ರ ಪ್ರಕಾರ ಆ ದೇಶವೇ ಸುಳ್ಳು. ಇಂಥದ್ದೇ ಇನ್ನೊಂದು ಕಡತ ರೂಪವಾದ ಟಾಮಲ್ ವಾಸಿ, ನನ್ನ ಮತ ಅದಕ್ಕೆ. ಅದಕ್ಕೂ ಹಿಂದೆ ಪೈಥಾನ್ ಪ್ಯಾಕೇಜ್‌ಗಳಲ್ಲಿ ಸೆಟಪ್ ಡಾಟ್ ಪೈ ಇತ್ತು: ಈ ಪ್ಯಾಕೇಜ್‌ಗೆ ಏನೇನು ಬೇಕು ಎಂದು ತಿಳಿಯಬೇಕಾದರೆ ಅದನ್ನು ಓಡಿಸಬೇಕು, ಓಡಿಸಬೇಕಾದರೆ ಅದಕ್ಕೆ ಬೇಕಾದದ್ದು ಮೊದಲೇ ಇರಬೇಕು. 2016ರ ಪೆಪ್ 518 ಎಂಬ ಪೈಥಾನ್ ಪ್ರಸ್ತಾವ ಆ ಗಂಟನ್ನು ಟಾಮಲ್ ಕಡತದಿಂದ ಸಡಿಲಿಸಿತು.

ಹಂತ 5: ಕೈ ಕಟ್ಟಿದ ಭಾಷೆ

ಈ ಹಂತ ಚಿಕ್ಕದು. ಭಾಷೆ ಬೇಕು, ಆದರೆ ಅದು ಜಾಸ್ತಿ ಹಾರಾಡಬಾರದು. ಗೂಗಲ್‌ನ ಬೇಝಲ್ ಎಂಬ ಬಿಲ್ಡ್ ಟೂಲ್ ಜೊತೆ ಬರುವ ಸ್ಟಾರ್‌ಲಾರ್ಕ್ ನೋಡಲು ಪೈಥಾನ್‌ನಂತೆಯೇ ಇದೆ. ವೈಲ್ ಲೂಪ್ ಇಲ್ಲ, ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುವಂತಿಲ್ಲ. 2013ರಲ್ಲಿ ಯುಸ್ಸಿ ಪಕ್ಕಾನೆನ್ ಬಿಡುಗಡೆ ಮಾಡಿದ ಮೆಸಾನ್ ಕೂಡ ತನ್ನ ಭಾಷೆಯನ್ನು ಬೇಕೆಂದೇ ಸಣ್ಣದಾಗಿ ಇಟ್ಟಿದೆ. ಒಳಗೆಲ್ಲ ಪೈಥಾನ್, ಆದರೆ ಬರೆಯುವವನಿಗೆ ಅದು ಕಾಣುವುದಿಲ್ಲ. ಬಳಕೆದಾರರು "ಒಂದೇ ಒಂದು ಫಂಕ್ಷನ್ ಬರೆಯಲು ಬಿಡಿ" ಎಂದು ಬೇಡಿಕೊಳ್ಳುತ್ತಾರೆ. ಬಿಡಬೇಡಿ. ಈ ಕೈಪಿಡಿಯಲ್ಲಿ ವ್ಯಂಗ್ಯವಿಲ್ಲದೆ ಕೊಟ್ಟ ಸಲಹೆ ಇದೊಂದೇ.

ದೋಷ ನಿವಾರಣೆ

ಸಮಸ್ಯೆ: ಅವಲಂಬನೆ ಕಡಿಮೆ ಮಾಡಿ ಎಂದು ದೂರು ಬಂದಿದೆ. ಪರಿಹಾರ: ದೂರಿದವರಿಗೆ ಬೇಡವಾದದ್ದನ್ನು ತೆಗೆದು ಇನ್ನೊಬ್ಬರಿಗೆ ಬೇಡವಾದದ್ದನ್ನು ಹಾಕಿ. 2008ರಲ್ಲಿ ಕರ್ನಲ್‌ನ ಕಾಲಮಾಪನದ ಸ್ಥಿರಾಂಕಗಳನ್ನು ಲೆಕ್ಕ ಹಾಕಲು ಒಂದು ಪರ್ಲ್ ಸ್ಕ್ರಿಪ್ಟ್ ಬಂತು. ಆಮೇಲೆ ಪರ್ಲ್ ಇಲ್ಲದೆ ಕರ್ನಲ್ ಕಟ್ಟುವಂತಿಲ್ಲ. ರಾಬ್ ಲ್ಯಾಂಡ್ಲಿ ಅದನ್ನು ಕಿತ್ತುಹಾಕುವ ಪ್ಯಾಚ್‌ಗಳನ್ನು ಹಿಡಿದುಕೊಂಡು ವರ್ಷಗಟ್ಟಲೆ ಬಾಗಿಲು ತಟ್ಟಿದರು. 2013ರಲ್ಲಿ ಕೊನೆಗೂ ಪರ್ಲ್ ಹೋಯಿತು. ಅದರ ಜಾಗಕ್ಕೆ ಬಂದದ್ದು ಬಿಸಿ, ಯುನಿಕ್ಸ್‌ನ ಹಳೆಯ ಲೆಕ್ಕದ ಯಂತ್ರ. ಹಲವು ಯಂತ್ರಗಳಲ್ಲಿ ಪರ್ಲ್ ಇರುತ್ತದೆ, ಬಿಸಿ ಇರುವುದಿಲ್ಲ.

ಸಮಸ್ಯೆ: ಆರಿಸಿದ ಭಾಷೆಯೇ ಸತ್ತುಹೋಯಿತು. ಪರಿಹಾರ: 2020ರ ಜನವರಿ 1ರಂದು ಪೈಥಾನ್ 2ರ ಬೆಂಬಲ ಮುಗಿದಾಗ, ಅದನ್ನು ನಂಬಿದ್ದ ಬಿಲ್ಡ್ ಟೂಲ್‌ಗಳನ್ನು ಇಟ್ಟುಕೊಂಡವರು ಏನು ಮಾಡಿದರೋ ಅದನ್ನೇ ಮಾಡಿ. ಹಳೆಯ ಯಂತ್ರವೊಂದಕ್ಕೆ "ಆಫ್ ಮಾಡಬೇಡಿ" ಎಂದು ಚೀಟಿ ಅಂಟಿಸಿ. ಬೆಂಗಳೂರಿನ ಆಫೀಸುಗಳಲ್ಲಿ ಬಿಲ್ಡ್ ಟೀಮ್‌ನವರ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಈ ಜಾತಿಯ ಯಂತ್ರ ಈಗಲೂ ಸಿಕ್ಕೀತು.

ಸಮಸ್ಯೆ: ಹುಟ್ಟಿಸಿದ ಕಡತಗಳನ್ನು ಜೊತೆಗೆ ಕೊಡಬೇಕೋ ಬೇಡವೋ? ಪರಿಹಾರ: ಮೊದಲು ಕೊಡಿ, ಹದಿನೈದು ವರ್ಷದ ಮೇಲೆ ನಿಲ್ಲಿಸಿ. ಝಿಪ್ಪೆಲ್ ಜೊತೆಗಿಟ್ಟಿದ್ದ ಕಡತಗಳನ್ನು ಕರ್ನಲ್ 2018ರ 4.16ರಲ್ಲಿ ಕೈಬಿಟ್ಟಿತು. ಅಂದಿನಿಂದ ಕಟ್ಟುವವನ ಯಂತ್ರದಲ್ಲೇ ಲೆಕ್ಸ್, ಯಾಕ್‌ಗಳ ಇಂದಿನ ರೂಪಗಳಾದ ಫ್ಲೆಕ್ಸ್, ಬೈಸನ್ ಇರಬೇಕು. ಯಾರೂ ಬೀದಿಗಿಳಿಯಲಿಲ್ಲ.

ವಾರಂಟಿ

ಈ ಉತ್ಪನ್ನಕ್ಕೆ ತಯಾರಿಕೆಯ ದೋಷಗಳ ಮೇಲೆ ಮಾತ್ರ ವಾರಂಟಿ ಇದೆ. ನಿಮ್ಮ ಟೂಲ್ ಅನ್ನು ಬೇರೊಬ್ಬರು ತಮ್ಮ ಮೆಚ್ಚಿನ ಭಾಷೆಯಲ್ಲಿ ಮತ್ತೆ ಬರೆದರೆ ಅದು ದೋಷವಲ್ಲ, ದೂರು ಸ್ವೀಕರಿಸಲಾಗುವುದಿಲ್ಲ. ಪೈಥಾನ್ ಬೇಡವೆಂದವರಿಗಾಗಿ ಮೆಸಾನ್ ಈಗ ಮ್ಯುವಾನ್ ಎಂಬ ಹೆಸರಿನಲ್ಲಿ ಸಿಯಲ್ಲೂ ಇದೆ. ಸಿ++ ಬೇಡವೆಂದವರಿಗಾಗಿ ನಿಂಜಾ ಎಂಬ ಬಿಲ್ಡ್ ಟೂಲ್, ಸಮುರಾಯ್ ಎಂಬ ಹೆಸರಿನಲ್ಲಿ ಸಿಯಲ್ಲಿದೆ. ಇನ್ನು ಕೆಕಾನ್ಫಿಗ್ ಭಾಷೆ ಕರ್ನಲ್‌ನ ಗಡಿ ದಾಟಿ ಬಿಸಿಬಾಕ್ಸ್, ಯು-ಬೂಟ್, ಬಿಲ್ಡ್‌ರೂಟ್, ಕೋರ್‌ಬೂಟ್‌ಗಳಿಗೂ ಹೋಗಿ, ಝೆಫಿರ್ ಎಂಬ ಪುಟ್ಟ ಸಾಧನಗಳ ಆಪರೇಟಿಂಗ್ ಸಿಸ್ಟಮ್‌ಗೂ ತಲುಪಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಝೆಫಿರ್‌ನವರು ಸಿಯಲ್ಲಿದ್ದ ಆ ಟೂಲ್ ಬಿಟ್ಟು ಕೆಕಾನ್ಫಿಗ್‌ಲಿಬ್ ಬಳಸುತ್ತಾರೆ. ಅದು ಬರೆದಿರುವುದು ಪೈಥಾನ್‌ನಲ್ಲಿ.